ನಕ್ಷೆಯ ಮೂಲೆಯ ಹೆಸರು

ಕಳೆದ ಸಂಚಿಕೆಯಲ್ಲಿ ನಮ್ಮ ಕಡೆಯ ಮಾಳಿಗೆ ಮನೆಗಳ ಬೆಳಕಿಂಡಿಯನ್ನು ಹೊಗಳಿ ಬರೆದಿದ್ದೆ. ಇಬ್ಬರು ವಾಚಕರು ಮೆಚ್ಚಿಕೊಂಡಿದ್ದಾರೆ. ಮೂರನೆಯವರು ಮಾತ್ರ, "ಊರಿನ ಬೆಳಕಿಂಡಿಯ ಸಂಗತಿ ಸಾಕು, ಇಲ್ಲಿ ಬೆಳೆಯುತ್ತಿರುವ ನಮ್ಮ ಹುಡುಗರ ಹೊಟ್ಟೆಪಾಡಿನ ಮಾತೇನಾದರೂ ಇದ್ದರೆ ಬರೆಯಿರಿ" ಎಂದು ಚುಟುಕಾಗಿ ತಿಳಿಸಿದ್ದಾರೆ. ಮಾತು ನಾಟಿತು. ಹೊಟ್ಟೆಪಾಡಿನ ವಿಚಾರದಲ್ಲಿ ನಾನು ಅಧಿಕಾರದಿಂದ ಹೇಳಬಲ್ಲದ್ದು ಒಂದೇ ಉದ್ಯೋಗದ ಸಂಗತಿ. ಅದು ಮೂವತ್ತೆಂಟು ವರ್ಷ ಮಾಡಿ ನಿವೃತ್ತನಾದ ನಕ್ಷೆಯ ಕೆಲಸ. ಅದನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಕುಳಿತಿದ್ದಾಗ ನಮ್ಮ ಕಟ್ಟಡದ ಮೆಟ್ಟಿಲೇ ನೆನಪಿಗೆ ಬಂತು.

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ನಾಲ್ಕು ಮಜಲು, ಲಿಫ್ಟು ಇಲ್ಲ. ಕಳೆದ ವರ್ಷ ಏಪ್ರಿಲಿನ ಒಂದು ಸಂಜೆ ಕಾಯಿಪಲ್ಲೆಯ ಚೀಲ ಹಿಡಿದು ಏದುಸಿರು ಬಿಡುತ್ತ ಏರುತ್ತಿದ್ದೆ. ಎದುರು ಮನೆಯ ರಾಯರ ಮಗಳು ಮೆಟ್ಟಿಲ ಮೇಲೆ ಮೊಣಕಾಲೂರಿ ಕುಳಿತಿದ್ದಳು. ಕೈಯಲ್ಲಿ ದರ್ಜಿಯ ಅಳತೆ ಪಟ್ಟಿ, ಪಕ್ಕದಲ್ಲಿ ಶಾಲೆಯ ಹಳೆಯ ನೋಟುಪುಸ್ತಕ. ಹತ್ತನೆಯ ಇಯತ್ತೆಯ ಪರೀಕ್ಷೆ ಆಗಷ್ಟೇ ಮುಗಿದಿತ್ತು.

"ಏನವ್ವಾ, ಏನು ಕಳಕೊಂಡಿ?" ಎಂದೆ.

"ಕಳಕೊಂಡಿಲ್ರಿ ಕಾಕಾ. ಪಾವಟಿಗಿ ಅಳೀಲಿಕ್ಹತ್ತೇನಿ. ನಮ್ಮಜ್ಜಿ ಇಲ್ಲೇ ಯಾಕ ಬಿದ್ಲು ಅಂತ ನೋಡಬೇಕಾಗಿತ್ತು."

ಅಜ್ಜಿ ಸಂಕ್ರಾಂತಿಯ ಹೊತ್ತಿಗೆ ಗದಗಿನ ಕಡೆಯಿಂದ ಬಂದವರು, ಇದೇ ಮೆಟ್ಟಿಲಲ್ಲಿ ಎಡವಿ ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಅವರಿಗೆ ಕಣ್ಣು ಮಂಜಾಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಅಜ್ಜಿಯೂ ಒಪ್ಪಿಕೊಂಡಿದ್ದರು. ಮೊಮ್ಮಗಳೊಬ್ಬಳು ಒಪ್ಪಿರಲಿಲ್ಲ.

ನೋಟುಪುಸ್ತಕ ಇಸಿದುಕೊಂಡು ನೋಡಿದೆ. ಮಜಲಿನಿಂದ ಮಜಲಿಗೆ ಹದಿನೆಂಟು ಏರುಗಳು. ಕೆಳಗಿನ ಮೊದಲ ಏರು ೧೩ ಸೆಂಟಿಮೀಟರು. ನಡುವಿನ ಹದಿನಾರೂ ಹೆಚ್ಚುಕಡಿಮೆ ೧೬. ಕಟ್ಟಕಡೆಯದು ೧೯. ಪ್ರತಿ ಮಜಲಿನಲ್ಲಿಯೂ ಹೀಗೆಯೇ. "ಕೊನೇದಕ್ಕ ಬರೋದ್ರಾಗ ಕಾಲಿಗೆ ಹದಿನಾರರ ರೂಢಿ ಆಗಿರ್ತದ. ಅಲ್ಲಿ ಮೂರು ಸೆಂಟಿಮೀಟರ ಹೆಚ್ಚಿಗೆ ಎತ್ತಬೇಕಂತ ಕಾಲಿಗೆ ಹ್ಯಾಂಗ ಗೊತ್ತಾಗಬೇಕ್ರಿ?" ಎಂದಳು.

ನಾನು ಚೀಲವನ್ನು ಅಲ್ಲಿಯೇ ಇಟ್ಟು ಅವಳ ಪಕ್ಕದಲ್ಲಿ ಕುಳಿತೆ. ಇಪ್ಪತ್ತು ವರ್ಷದಿಂದ ಆ ಮೆಟ್ಟಿಲು ಏರಿ ಇಳಿದವನು, ಅದೂ ಮೆಟ್ಟಿಲುಗಳ ನಕ್ಷೆ ಬರೆದೇ ಅನ್ನ ತಿಂದವನು, ಒಂದು ದಿನವೂ ಅಳೆದು ನೋಡಿರಲಿಲ್ಲ. ಆದರೆ ಕಾರಣ ಮಾತ್ರ ನನಗೆ ನೋಡಿದ ಕೂಡಲೇ ತಿಳಿಯಿತು. ಕಾಂಕ್ರೀಟು ಹಾಕಿದಾಗ ಹದಿನೆಂಟು ಏರುಗಳೂ ಸರಿಯಾಗಿ ಹದಿನಾರೇ ಇದ್ದವು. ಆಮೇಲೆ ಮೆಟ್ಟಿಲುಗಳಿಗೆ ಹಾಸುಕಲ್ಲು ಕೂರಿಸಿದರು; ಗಾರೆ ಸೇರಿ ೨ ಸೆಂಟಿಮೀಟರು ದಪ್ಪ. ಮಜಲಿನ ನೆಲಕ್ಕೆ ಟೈಲು ಹಾಸಿದರು. ಅಡಿಯ ಮಸಾಲೆ ಸೇರಿ ೫. ಕೆಳಗಿನ ನೆಲ ಐದು ಏರಿತು, ಅದರ ಮೇಲಿನ ಮೆಟ್ಟಿಲು ಎರಡೇ ಏರಿತು: ಮೊದಲ ಏರಿನಲ್ಲಿ ಮೂರು ಕಡಿಮೆ. ಮೇಲೆ ಅದರ ತಿರುವುಮುರುವು: ಕೊನೆಯ ಏರಿನಲ್ಲಿ ಮೂರು ಹೆಚ್ಚು. ಯಾರೋ ಒಬ್ಬ ನಕ್ಷೆಗಾರ ಕಾಂಕ್ರೀಟಿನ ಅಳತೆ ಬರೆದ, ಅದರ ಮೇಲೆ ಬರುವ ನೆಲದ ದಪ್ಪವನ್ನು ಬರೆಯಲಿಲ್ಲ. ಆಗಿದ್ದು ಅಷ್ಟೇ. ವಿಚಿತ್ರವೆಂದರೆ, ಕಾನೂನಿನ ಕಣ್ಣಿನಲ್ಲಿ ಒಂದೊಂದು ಮೆಟ್ಟಿಲೂ ನಿರ್ದೋಷಿ. ವಾಸದ ಮನೆಗಳಲ್ಲಿ ಒಂದು ಏರು ೧೯ ಸೆಂಟಿಮೀಟರಿನವರೆಗೆ ಇರಬಹುದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ. ಅಜ್ಜಿಯನ್ನು ಬೀಳಿಸಿದ್ದು ಎತ್ತರವಲ್ಲ, ಎತ್ತರದ ಅಸಮತೆ.

ಇದನ್ನೆಲ್ಲ ಹೇಳಿದ ಮೇಲೆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂಗ ಎಲ್ಲಾ ಕೂಡಿಸಿ ನೋಡೋ ಕೆಲಸಕ್ಕ ಏನಂತಾರ್ರಿ ಕಾಕಾ? ಅದನ್ನ ಕಲೀಲಿಕ್ಕ ಬರ್ತದೇನು?" ಎಂದು ಕೇಳಿದಳು.

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ನೇರವಾದ ಉತ್ತರವಿಲ್ಲ. ಇಂಗ್ಲೆಂಡಿನಲ್ಲಿ ಇದೆ. ಅಲ್ಲಿ ವಾಸ್ತುಶಿಲ್ಪಿಯ ಪಕ್ಕದಲ್ಲಿಯೇ ವಾಸ್ತುತಂತ್ರಜ್ಞ ಎಂಬ ಬೇರೊಂದು ವೃತ್ತಿಯುಂಟು. ಅವರು ೧೯೬೫ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಅದು ಹೆಸರು ಬದಲಾಯಿಸಿಕೊಳ್ಳುತ್ತ ಬೆಳೆದು ೨೦೦೫ರಲ್ಲಿ ರಾಜಮುದ್ರೆಯ ಸನ್ನದು ಪಡೆಯಿತು. ಕಟ್ಟಡ ಹೇಗೆ ಕಾಣಬೇಕು ಎಂಬುದರಷ್ಟೇ, ಅದು ಹೇಗೆ ಕೂಡಿಕೊಳ್ಳಬೇಕು ಎಂಬುದೂ ಒಂದು ವಿದ್ಯೆ ಎಂದು ಅವರು ಒಪ್ಪಿಸಿದರು. ನಮ್ಮಲ್ಲಿ ಅದೇ ಕೆಲಸ ಹರಿದು ಹಂಚಿಹೋಗಿದೆ. ಐ.ಟಿ.ಐ.ನಲ್ಲಿ ಅದಕ್ಕೆ ಡ್ರಾಫ್ಟ್ಸ್‌ಮನ್ ಎಂಬ ಹೆಸರು, ಪಾಲಿಟೆಕ್ನಿಕ್ಕಿನಲ್ಲಿ ಕೆಲವೆಡೆ ಆರ್ಕಿಟೆಕ್ಚರಲ್ ಅಸಿಸ್ಟೆಂಟ್‌ಶಿಪ್ ಎಂಬ ಹೆಸರು, ಹೊಸ ಕಾಲದ ಕಛೇರಿಗಳಲ್ಲಿ ಟೆಕ್ನಿಕಲ್ ಕೋಆರ್ಡಿನೇಟರ್, ಬಿಮ್ ಮಾಡೆಲರ್ ಎಂದು ಇನ್ನೂ ಏನೇನೋ. ಕೆಲಸ ಇದೆ, ಸಂಬಳವೂ ಇದೆ; ನಾಲ್ಕು ಜನ ಕೂಡಿದಲ್ಲಿ ಹೇಳಿಕೊಳ್ಳುವಂಥ ಹೆಸರೊಂದು ಇಲ್ಲ.

ಹೆಸರಿಲ್ಲದ ಕೆಲಸಕ್ಕೆ ಮಗಳನ್ನು ಕಳಿಸಲು ಯಾವ ತಂದೆ ಒಪ್ಪುತ್ತಾನೆ? ಮರುದಿನ ರಾತ್ರಿ ರಾಯರೇ ನಮ್ಮ ಮನೆಗೆ ಬಂದರು. ಮಗಳು ಪಾಲಿಟೆಕ್ನಿಕ್ಕಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳಂತೆ. "ಆರ್ಕಿಟೆಕ್ಟ್ ಆಗತೇನಂದ್ರ ಆಗಲಿ. ಹನ್ನೆರಡನೇದು ಮುಗಸಲಿ, ಊರಾಗಿನ ಎರಡೆಕರೆ ಹೊಲ ಮಾರಿಯಾದ್ರೂ ಓದಸ್ತೇನಿ. ಬರೇ ನಕಾಶಿ ಬರ್ಕೋತ ಕೂಡೂದಂದ್ರ..." ಎಂದವರು ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಂಡರು. ನನ್ನ ಮನೆಯಾಕೆ ಒಳಗಿನಿಂದ ನಕ್ಕಿದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು.

ನಾನು ಬೇಸರ ಪಟ್ಟುಕೊಳ್ಳಲಿಲ್ಲ. ರಾಯರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆ ಅರ್ಧವನ್ನು ಅವರಿಗೆ ಹೇಳಿದಂತೆಯೇ ವಾಚಕರಿಗೂ ಹೇಳಿಬಿಡುತ್ತೇನೆ.

ಪ್ರತಿ ನಕ್ಷೆಯ ಕೆಳಗೆ ಬಲಗಡೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕವಿರುತ್ತದೆ. ಬರೆದವರು, ತಾಳೆ ನೋಡಿದವರು ಎಂದು ಮನೆಗಳಿರುತ್ತವೆ. ಅವುಗಳಲ್ಲಿ ಎರಡೆರಡು ಅಕ್ಷರ. ಅವುಗಳ ಪಕ್ಕದಲ್ಲಿ ವಾಸ್ತುಶಿಲ್ಪಿಯ ಪೂರ್ತಿ ಹೆಸರು, ನೋಂದಣಿಯ ಸಂಖ್ಯೆ, ಸಹಿ. ೧೯೭೫ರಿಂದ ೨೦೧೩ರವರೆಗೆ ಸಾವಿರಾರು ಹಾಳೆಗಳ ಮೂಲೆಯಲ್ಲಿ ನನ್ನ ಎರಡಕ್ಷರ ಬಿದ್ದಿದೆ. ಸಹಿ ಒಂದರಲ್ಲಿಯೂ ಇಲ್ಲ. ೧೯೭೨ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರನ್ನು ಬಿಟ್ಟು ಬೇರೆ ಯಾರೂ ಆರ್ಕಿಟೆಕ್ಟ್ ಎಂಬ ಬಿರುದನ್ನು ಬಳಸುವಂತಿಲ್ಲ. ಕಾಯಿದೆ ಬಂದ ಹೊಸದರಲ್ಲಿ, ಅದಕ್ಕೆ ಮೊದಲೇ ಐದು ವರ್ಷಕ್ಕೆ ಕಡಿಮೆಯಿಲ್ಲದೆ ವೃತ್ತಿ ನಡೆಸಿದ್ದವರಿಗೆ ಪದವಿಯಿಲ್ಲದಿದ್ದರೂ ಒಳಗೆ ಬರುವ ದಾರಿ ಇಟ್ಟಿದ್ದರು. ಹಾವೇರಿ ಕಡೆಯ ಹುಡುಗನೊಬ್ಬ ಟ್ರಂಕು ಹೊತ್ತು ಮುಂಬಯಿಯಲ್ಲಿ ಇಳಿಯುವ ಹೊತ್ತಿಗೆ ಆ ಬಾಗಿಲು ಹಾಕಿತ್ತು.

ಆದರೆ ಕಾಯಿದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ. ೨೦೨೦ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿತು: ನೋಂದಣಿ ಇಲ್ಲದವರು ಆ ಬಿರುದು ಹಾಕಿಕೊಳ್ಳಬಾರದು, ಅಂಥ ಬಿರುದಿನ ಹುದ್ದೆಯಲ್ಲಿ ಕೂರಬಾರದು, ಕಟ್ಟಡದ ವಿನ್ಯಾಸ, ಮೇಲ್ವಿಚಾರಣೆ ಮೊದಲಾದ ಕೆಲಸಗಳನ್ನು ಮಾಡುವುದಕ್ಕೆ ಈ ಕಾಯಿದೆಯ ಅಡ್ಡಿಯಿಲ್ಲ. ಇನ್ನು ನಗರಪಾಲಿಕೆಗೆ ನಕ್ಷೆ ಸಲ್ಲಿಸುವ ಹಕ್ಕು ಯಾರದೆಂಬುದನ್ನು ಆಯಾ ಊರಿನ ನಿಯಮ ಹೇಳುತ್ತದೆ. ಮುಂಬಯಿಯಲ್ಲಿ ಪಾಲಿಕೆಯ ಪರವಾನಿಗೆ ಪಡೆದ ಸರ್ವೇಯರ್ ಎಂಬ ವರ್ಗವೇ ಉಂಟು. ಚೆನ್ನೈ, ಹೈದರಾಬಾದು, ಪುಣೆಯ ವಾಚಕರು ತಮ್ಮ ಪಾಲಿಕೆಯ ನಿಯಮವನ್ನು ತಾವೇ ನೋಡಿಕೊಳ್ಳಬೇಕು. ಮುಂಬಯಿಯ ಮಾತು ಅಲ್ಲಿ ನಡೆಯದು.

ಸಹಿ ಇಲ್ಲದಿರುವುದು ಅವಮಾನವೆಂದು ಎಷ್ಟೋ ವರ್ಷ ನನಗೂ ಅನಿಸಿತ್ತು. ೧೯೮೧ರ ಮಳೆಗಾಲದ ನಂತರ ಹಾಗನಿಸುವುದು ಸ್ವಲ್ಪ ಕಡಿಮೆಯಾಯಿತು. ಆ ವರ್ಷ ರೈಲು ಹಳಿಯ ಪಕ್ಕದ ಒಂದು ವಸತಿ ಕಟ್ಟಡಕ್ಕೆ ಕಿಟಕಿಯ ನಕ್ಷೆ ಬರೆದವನು ನಾನು. ಕಿಟಕಿಯ ಮೇಲೆ ಚಾಚಿಕೊಂಡಿರುವ ಛಜ್ಜಾ, ನಮ್ಮ ಕಡೆಯವರ ಸಜ್ಜಾ, ಅದರ ಅಡಿಮುಖವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಂಚಿನಿಂದ ಎರಡು ಬೆರಳು ಒಳಗೆ, ಈ ತುದಿಯಿಂದ ಆ ತುದಿಗೆ, ಅಲ್ಲೊಂದು ಗೀರು ಇರಬೇಕು. ಮಳೆಯ ನೀರು ಅಂಚಿನಿಂದ ನೇರವಾಗಿ ಕೆಳಗೆ ಬೀಳುತ್ತದೆಂದು ನಾವು ತಿಳಿದಿರುತ್ತೇವೆ. ನೀರು ಅಷ್ಟು ಸರಳವಲ್ಲ. ಅದು ಅಡಿಮುಖಕ್ಕೆ ಅಂಟಿಕೊಂಡೇ ಒಳಗೆ ತೆವಳುತ್ತ ಗೋಡೆ ಮುಟ್ಟುತ್ತದೆ. ಗೀರು ಸಿಕ್ಕಿದರೆ ಮಾತ್ರ ಅಲ್ಲಿ ದಾಟಲಾರದೆ ತೊಟ್ಟಿಕ್ಕುತ್ತದೆ. ನಾನು ಆ ಗೀರಿನ ರೇಖೆಯನ್ನು ಬರೆಯಲು ಮರೆತೆ. ತಾಳೆ ನೋಡಿದವರೂ ನೋಡಲಿಲ್ಲ. ಮೇಸ್ತ್ರಿ ನಕ್ಷೆಯಲ್ಲಿ ಇದ್ದಷ್ಟನ್ನು ಮಾಡಿದ. ಮೊದಲ ಮಳೆಗಾಲಕ್ಕೇ ಪ್ರತಿ ಕಿಟಕಿಯ ಎರಡೂ ಕಡೆ ಗೋಡೆಯ ಮೇಲೆ ಕಪ್ಪು ಕಲೆ ಇಳಿಯಿತು. ಎರಡನೆಯದಕ್ಕೆ ಒಳಗಿನ ಗಿಲಾವು ಉಬ್ಬಿತು. ಮನೆಯವರೆಲ್ಲ ಕೂಡಿ ಬಂದು ಮಾತು ಆಡಿದ್ದು ನನಗಲ್ಲ. ಸಹಿ ಮಾಡಿದ ನಮ್ಮ ಯಜಮಾನರಿಗೆ. ಅವರು ನನ್ನ ಹೆಸರನ್ನು ಎತ್ತಲಿಲ್ಲ. ರಾತ್ರಿ ಎಂಟು ಗಂಟೆಗೆ ನನ್ನನ್ನು ಕರೆದು, ಆ ನಕ್ಷೆಯನ್ನು ಹರಡಿ, ಒಂದು ಪೆನ್ಸಿಲು ಕೊಟ್ಟು, "ಆ ಗೆರೆ ಈಗ ಬರೆ" ಎಂದರು. ಬರೆದೆ. ಎಷ್ಟೋ ವರ್ಷ ಲೋಕಲ್ ಗಾಡಿಯಲ್ಲಿ ಹೋಗುವಾಗ ಆ ಕಟ್ಟಡ ಬರುವ ಹೊತ್ತಿಗೆ ನಾನು ಎದುರು ಕಡೆಯ ಕಿಟಕಿಯತ್ತ ಮುಖ ತಿರುಗಿಸುತ್ತಿದ್ದೆ.

ಈ ವಿದ್ಯೆ ಎಂದರೆ ಇದೇ. ಗೋಡೆ ಕಿಟಕಿಯನ್ನು ಕೂಡುವಲ್ಲಿ, ಬಚ್ಚಲಿನ ನೆಲ ಕೊಳವೆಯನ್ನು ಕೂಡುವಲ್ಲಿ, ತಾರಸಿ ಅಡ್ಡಗೋಡೆಯನ್ನು ಕೂಡುವಲ್ಲಿ ಏನಾಗುತ್ತದೆ ಎಂಬ ತಿಳಿವಳಿಕೆ. ಬೀಮು ಹೋಗುವ ಜಾಗದಲ್ಲಿಯೇ ನೀರಿನ ಕೊಳವೆ ಬಂದರೆ ಯಾರು ಸರಿಯಬೇಕು ಎಂಬುದರ ತೀರ್ಪು. ಬಾಗಿಲುಗಳ ಪಟ್ಟಿ, ಕಿಟಕಿಗಳ ಪಟ್ಟಿ, ಸಿಮೆಂಟು ಉಕ್ಕಿನ ಲೆಕ್ಕ, ಪಾಲಿಕೆಯ ನಿಯಮ. ವಾಸ್ತುಶಿಲ್ಪಿಯ ಕಲ್ಪನೆಯನ್ನು ಮೇಸ್ತ್ರಿಯ ಕೈಗೆ ಅರ್ಥವಾಗುವ ಭಾಷೆಗೆ ತರುವ ದುಭಾಷಿಯ ಕೆಲಸ ಎಂದರೂ ಆದೀತು. ಎರಡು ಭಾಷೆಯ ನಡುವೆ ಬದುಕುವುದು ನಮ್ಮ ವಾಚಕರಿಗೆ ಹೊಸದಲ್ಲವಷ್ಟೆ.

ಅಂದಹಾಗೆ, ನಕ್ಷೆಗಾರನನ್ನು ಕಡೆಗಣಿಸುವ ವಾಸ್ತುಶಿಲ್ಪಿಗಳಿಗೆ ಒಂದು ಹಳೆಯ ಸಂಗತಿ. ೧೮೫೭ರಲ್ಲಿ ಆರಂಭವಾದ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ೧೮೯೬ರಲ್ಲಿ ನಕ್ಷೆಗಾರರಿಗಾಗಿ ಒಂದು ತರಗತಿ ತೆರೆದರು. ಅದೇ ಬೆಳೆದು ಬೆಳೆದು ವಾಸ್ತುಶಿಲ್ಪದ ವಿಭಾಗವಾಯಿತು, ಆಮೇಲೆ ಬೇರೆ ಕಾಲೇಜೇ ಆಯಿತು. ಮಗ ದೊಡ್ಡವನಾದ ಮೇಲೆ ತಾಯಿಯನ್ನು ಮರೆತ ಕತೆ.

ರಾಯರಿಗೆ ಇನ್ನೊಂದು ಭಯವೂ ಇತ್ತು. "ಈಗ ಎಲ್ಲಾ ಕಂಪ್ಯೂಟರೇ ಮಾಡ್ತದಂತ. ಇಕಿ ಕಲತು ಬರೂದ್ರಾಗ ಕೆಲಸನಽ ಇರಲಿಕ್ಕಿಲ್ಲ" ಎಂದರು. ಈ ಭಯವನ್ನು ನಾನು ಕಣ್ಣಾರೆ ಕಂಡವನು. ನನ್ನ ಕಾಲದಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಮಸಿಯ ಪೆನ್ನಿನಿಂದ ಬರೆಯುತ್ತಿದ್ದೆವು. ತಪ್ಪಾದರೆ ಕ್ಷೌರದ ಬ್ಲೇಡಿನಿಂದ ಮೆಲ್ಲಗೆ ಹೆರೆಯಬೇಕು. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಅಲೆಯಲೆಯಾಗಿ ಏಳುತ್ತಿತ್ತು. ಪ್ರತಿ ತೆಗೆಯುವ ಕೋಣೆಯ ಅಮೋನಿಯದ ವಾಸನೆ ಮನೆಗೆ ಹೋದರೂ ಅಂಗಿಯಲ್ಲಿಯೇ ಇರುತ್ತಿತ್ತು. ನಮ್ಮ ಕಛೇರಿಯಲ್ಲಿ ಕಾರವಾರದ ಕಡೆಯ ಹಿರಿಯರೊಬ್ಬರಿದ್ದರು. ಅವರು ಬರೆದ ಅಕ್ಷರ ಅಚ್ಚಿನ ಮೊಳೆಗಳಂತೆ. ಆಟೋಕ್ಯಾಡ್ ಹೊರಬಂದದ್ದು ೧೯೮೨ರಲ್ಲಿ. ನಮ್ಮ ಮೇಜಿಗೆ ಅದು ತೊಂಬತ್ತರ ದಶಕದಲ್ಲಿ ಬಂತು. ಬಂದ ವರ್ಷವೇ ಆ ಅಕ್ಷರಗಳಿಗೆ ಬೆಲೆ ಹೋಯಿತು. ಅವರು ಮೌಸು ಹಿಡಿಯಲು ಆರು ತಿಂಗಳು ಪ್ರಯತ್ನಪಟ್ಟು, ಕೈ ನಡುಗುತ್ತದೆಂದು ಹೇಳಿ ಊರಿಗೆ ಹೋದರು. ನಾನು ಉಳಿದುಕೊಂಡದ್ದು ನನ್ನ ಕೈ ಚೆನ್ನಾಗಿತ್ತೆಂದಲ್ಲ. ೧೯೮೧ರ ಆ ಛಜ್ಜಾದ ನಂತರ ಭಾನುವಾರಗಳಲ್ಲಿ ಕಟ್ಟಡದ ಕೆಲಸ ನಡೆಯುವ ಜಾಗಗಳಿಗೆ ಹೋಗಿ ನಿಲ್ಲುವ ಚಟ ಹತ್ತಿತ್ತು. ಯಾವುದು ಯಾವುದರ ಮೇಲೆ ಕೂರುತ್ತದೆಂದು ನೋಡಿ ನೋಡಿ ತಿಳಿದಿತ್ತು. ಅದನ್ನು ಯಂತ್ರಕ್ಕೂ ನಾನೇ ಹೇಳಬೇಕಾಗಿತ್ತು.

ಈಗಿನ ಕಛೇರಿಗಳಲ್ಲಿ ರೇಖೆಗಳನ್ನು ಎಳೆಯುವುದೂ ಕಡಿಮೆಯಾಗಿದೆ. ರೆವಿಟ್ ಮೊದಲಾದವುಗಳಲ್ಲಿ ಇಡೀ ಕಟ್ಟಡವನ್ನೇ ಒಂದು ಮಾದರಿಯಾಗಿ ಕಟ್ಟುತ್ತಾರೆ. ಗೋಡೆ ತನ್ನೊಳಗಿನ ಇಟ್ಟಿಗೆ, ಗಾರೆ, ಬಣ್ಣದ ದಪ್ಪವನ್ನೆಲ್ಲ ಹೊತ್ತುಕೊಂಡೇ ನಿಂತಿರುತ್ತದೆ. ನೆಲದ ದಪ್ಪವನ್ನು ಸರಿಯಾಗಿ ತುಂಬಿದ್ದರೆ ನಮ್ಮ ಮೆಟ್ಟಿಲಿನಂಥ ತಪ್ಪು ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ತುಂಬದಿದ್ದರೆ ಅದೇ ತಪ್ಪು ಇನ್ನೂ ಚೆಂದವಾಗಿ ಅಚ್ಚಾಗಿ ಬರುತ್ತದೆ. ಪುಣೆ, ಹೈದರಾಬಾದು, ಚೆನ್ನೈ, ಬೆಂಗಳೂರಿನ ಎಷ್ಟೋ ಕಛೇರಿಗಳಲ್ಲಿ ಹೊರದೇಶದ ಕಟ್ಟಡಗಳಿಗೆ ಈ ಕೆಲಸ ನಡೆಯುತ್ತದೆ. ಅಲ್ಲಿ ಒಂದು ಎಚ್ಚರಿಕೆ: ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಕಲಿಸಿ ಕೆಲಸ ಕೊಡಿಸುತ್ತೇವೆಂಬ ಜಾಹೀರಾತುಗಳಿಗೆ ಮರುಳಾಗಿ ದುಡ್ಡು ಸುರಿಯಬೇಡಿ. ಗುಂಡಿ ಒತ್ತುವುದನ್ನಷ್ಟೇ ಕಲಿತವರ ಪಾಡು ನಮ್ಮ ಕಾರವಾರದ ಹಿರಿಯರ ಪಾಡಿಗಿಂತ ಬೇಗ ಬರುತ್ತದೆ. ಅವರಿಗೆ ಮೂವತ್ತು ವರ್ಷವಾದರೂ ಸಿಕ್ಕಿತ್ತು.

ಇನ್ನು ದಾರಿಯ ಲೆಕ್ಕ. ರಾಯರು ಲೆಕ್ಕಪತ್ರದ ವಿಭಾಗದವರಾದ್ದರಿಂದ ಇದನ್ನು ಕಾಗದದ ಮೇಲೆಯೇ ಹಾಕಿ ತೋರಿಸಿದೆ. ಹತ್ತರ ನಂತರ ಹನ್ನೆರಡನೆಯದಕ್ಕೆ ೨ ವರ್ಷ, ನಾಟಾ ಪರೀಕ್ಷೆ, ಬಿ.ಆರ್ಕ್. ೫ ವರ್ಷ: ಒಟ್ಟು ೭. ಹತ್ತರ ನಂತರ ಡಿಪ್ಲೊಮಾ ೩ ವರ್ಷ. ಅದರಲ್ಲಿ ಗಣಿತವಿದ್ದು ಬೇಕಾದಷ್ಟು ಅಂಕ ಬಂದಿದ್ದರೆ ಡಿಪ್ಲೊಮಾದವರೂ ಅದೇ ನಾಟಾ ಬರೆದು ಬಿ.ಆರ್ಕ್.ನ ಮೊದಲ ವರ್ಷಕ್ಕೆ ಸೇರಬಹುದು: ೩ಕ್ಕೆ ೫ ಕೂಡಿದರೆ ೮. ವ್ಯತ್ಯಾಸ ಒಂದೇ ವರ್ಷ. ಆ ಒಂದು ವರ್ಷದ ಬೆಲೆಗೆ ಹುಡುಗಿಯ ಕೈಯಲ್ಲಿ ಒಂದು ಕಸುಬು ಬಂದಿರುತ್ತದೆ. ಇದು ತನ್ನ ದಾರಿಯಲ್ಲವೆಂದು ಮೂರನೆಯ ವರ್ಷಕ್ಕೆ ತಿಳಿದರೆ ಹೊಲವೂ ಉಳಿದಿರುತ್ತದೆ. ಇದೇ ದಾರಿಯೆಂದು ತಿಳಿದರೆ ಆಗ ಹೊಲದ ಮಾತು ಎತ್ತಬಹುದು.

ಮನೆಯ ಸ್ಥಿತಿ ಇದಕ್ಕೂ ಸಾಲದವರಿಗೆ ಐ.ಟಿ.ಐ. ಇದೆ. ಹತ್ತು ಪಾಸಾದವರಿಗೆ ಡ್ರಾಫ್ಟ್ಸ್‌ಮನ್ ಸಿವಿಲ್ ೨ ವರ್ಷದ ಕಲಿಕೆ. ನಾನು ಬಂದದ್ದೂ ಆ ಮೆಟ್ಟಿಲಿನಿಂದಲೇ. ೧೯೬೧ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ನಂತರ ಕೆಲಸದ ಜಾಗದಲ್ಲಿಯೇ ಅಲ್ಪ ವೇತನದೊಂದಿಗೆ ಕಲಿಯಬಹುದು. ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅನುಕೂಲವೂ ಇದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಮೊಮ್ಮಕ್ಕಳು ಈ ಪತ್ರಿಕೆಯ ವಾಚಕರಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಇಂಥ ದಾರಿಯ ವಿಚಾರ ನಾನು ವಿವರಿಸಬೇಕಾಗಿಲ್ಲ.

ಸೇರಿಸುವ ಮೊದಲು ಮೂರು ಸಂಗತಿ ವಿಚಾರಿಸಿರಿ ಎಂದು ರಾಯರಿಗೆ ಹೇಳಿದೆ. ಸಂಸ್ಥೆಗೆ ಸರಕಾರದ ತಾಂತ್ರಿಕ ಮಂಡಳಿಯ ಮಾನ್ಯತೆ ಇದೆಯೇ? ಪಾಠಪಟ್ಟಿಯಲ್ಲಿ ಗಣಿತ ಇದೆಯೇ? ಹುಡುಗರನ್ನು ಕಟ್ಟಡದ ಕೆಲಸ ನಡೆಯುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆಯೇ? ಮೂರನೆಯದಕ್ಕೆ ಉತ್ತರ ಹೇಳಲು ಕಛೇರಿಯ ಗುಮಾಸ್ತರಿಂದ ಆಗದು. ಗೇಟಿನಿಂದ ಹೊರಗೆ ಬರುವ ವಿದ್ಯಾರ್ಥಿಗಳ ಬೂಟು ನೋಡಿದರೆ ತಿಳಿಯುತ್ತದೆ.

ರಾಯರು ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ಎಂಟು ದಿನ ಎದುರು ಮನೆಯಲ್ಲಿ ಗದ್ದಲ. ಗದಗಿನಿಂದ ಸೋದರಮಾವ ಫೋನು ಮಾಡಿ, ಮದುವೆಯ ಮಾತು ಬಂದಾಗ ಏನೆಂದು ಹೇಳುತ್ತೀರಿ ಎಂದು ಕೇಳಿದರಂತೆ. ಅಜ್ಜಿ, ಕಟ್ಟು ಬಿಚ್ಚಿದ್ದ ಕೈಯನ್ನು ಎತ್ತಿ, "ನನ್ನ ಕಣ್ಣು ನೆಟ್ಟಗದಾವಂತ ಹೇಳಿದಾಕಿ ಇಕಿ ಒಬ್ಬಾಕೇ. ಏನ ಕಲೀತಾಳೋ ಕಲೀಲಿ" ಎಂದ ಮೇಲೆ ಗದ್ದಲ ಇಳಿಯಿತು.

ಹುಡುಗಿ ಪಾಲಿಟೆಕ್ನಿಕ್ಕಿಗೆ ಹೋಗುತ್ತಿದ್ದಾಳೆ. ಹೊಲ ಇನ್ನೂ ಹೊಲವಾಗಿಯೇ ಇದೆ. ತಾಯಿ ಮಾತ್ರ ಬಂದವರೊಡನೆ, "ಇಂಜಿನಿಯರಿಂಗಿನಂಥದ್ದೇ ಏನೋ ಓದತಾಳ್ರಿ" ಎನ್ನುತ್ತಾರೆ.

ಮೊನ್ನೆ ನಮ್ಮ ಸೊಸಾಯಿಟಿಯವರು ಮಜಲುಗಳ ನೆಲದ ಮೇಲೆ, ಹಳೆಯ ಟೈಲು ಕೀಳದೆ, ಹೊಸ ಟೈಲು ಹಾಸಲು ಹೊರಟಿದ್ದರು. ಹುಡುಗಿ ಸೆಕ್ರೆಟರಿಯವರ ಮನೆಗೆ ಹೋಗಿ, ಹಾಗೆ ಮಾಡಿದರೆ ಕೊನೆಯ ಏರು ೨೧ಕ್ಕೆ ಹೋಗುತ್ತದೆ, ಅದು ನಿಯಮವನ್ನೂ ಮೀರುತ್ತದೆ, ಹಳೆಯದನ್ನು ಕಿತ್ತು ಅಡಿಯ ಮಸಾಲೆಯನ್ನು ತೆಳ್ಳಗೆ ಮಾಡಿ ಹಾಸಬೇಕು ಎಂದು ಮರಾಠಿಯಲ್ಲಿ ವಾದ ಹೂಡಿದಳಂತೆ. ಸೆಕ್ರೆಟರಿಯವರು ಖರ್ಚಿನ ಲೆಕ್ಕ ತರಿಸುತ್ತೇನೆಂದು ಹೇಳಿ ಕಳಿಸಿದ್ದಾರೆ. ಮುಂದಿನ ಸಭೆಗೆ ಅವಳು ಒಂದು ನಕ್ಷೆ ಬರೆದು ತರಬೇಕಂತೆ. ಅದಕ್ಕೆಂದು ನನ್ನ ಮೂರು ಮುಖದ ಹಳೆಯ ಅಳತೆಪಟ್ಟಿಯನ್ನು ಕೇಳಿ ಒಯ್ದಿದ್ದಾಳೆ. ಒಂದು ಮೂಲೆ ಮುಕ್ಕಾಗಿದೆ, ಜೋಪಾನ ಎಂದು ಹೇಳಿ ಕೊಟ್ಟಿದ್ದೇನೆ.